ಪಾವಗಡದ ಬಿಸಿಲಿನ ಹಿಂದೆ

ಮಧುಗಿರಿಯ ಏಕಶಿಲಾಬೆಟ್ಟವನ್ನು ಹತ್ತಿದವರಿಗೆ ಗುರುತ್ವಾಕರ್ಷಣೆಯ ಪಾಠವನ್ನು ಬೇರೆ ಹೇಳಬೇಕಾಗಿಲ್ಲ; ಮೊಣಕಾಲುಗಳೇ ಹೇಳುತ್ತವೆ. ಆದರೂ ಈ ಬಲ ಅತ್ಯಂತ ದುರ್ಬಲವಾದುದೆಂದರೆ ನೀವು ನಂಬಲಿಕ್ಕಿಲ್ಲ. ಎರಡು ಪ್ರೋಟಾನುಗಳ ನಡುವಣ ವಿದ್ಯುತ್ ವಿಕರ್ಷಣೆ ಅವುಗಳ ಗುರುತ್ವಾಕರ್ಷಣೆಗಿಂತ ಎಷ್ಟು ಪಟ್ಟು ಹೆಚ್ಚೆಂಬುದನ್ನು ಬರೆಯಲು 1ರ ಮುಂದೆ 36 ಸೊನ್ನೆಗಳು ಬೇಕು. ಆದರೆ ವಿದ್ಯುತ್ತಿನಲ್ಲಿ ಧನವು ಋಣವನ್ನು ಅಳಿಸುತ್ತದೆ. ಗುರುತ್ವಕ್ಕೆ ಋಣವಿಲ್ಲ, ವಸ್ತು ಸೇರಿದಷ್ಟೂ ಅದು ಕೂಡುತ್ತಲೇ ಹೋಗುತ್ತದೆ.

ಹೀಗೆ ಕೂಡಿದ ಸೆಳೆತವೇ ಸೂರ್ಯನ ಒಡಲನ್ನು ಹಿಂಡಿ ಸುಮಾರು 1.5 ಕೋಟಿ ಡಿಗ್ರಿಗೆ ಕಾಯಿಸಿದೆ. ಅಷ್ಟು ಕಾವಿನಲ್ಲೂ ಪ್ರೋಟಾನುಗಳು ಪರಸ್ಪರ ದೂರ ತಳ್ಳುತ್ತಲೇ ಇರುತ್ತವೆ. ಎಲ್ಲೋ ಒಂದು ಜೋಡಿ ಮಿಲಿಮೀಟರಿನ ಲಕ್ಷಕೋಟಿಯಲ್ಲೊಂದು ಭಾಗದಷ್ಟು ಸಮೀಪಿಸಿದಾಗ, ಪರಮಾಣುಬೀಜವನ್ನು ಕಟ್ಟಿಹಿಡಿಯುವ ಬೈಜಿಕ ಬಲ ಅವನ್ನು ಸೆಳೆಯುತ್ತದೆ. ಆ ಕ್ಷಣದಲ್ಲೇ ಒಂದು ಪ್ರೋಟಾನು ನ್ಯೂಟ್ರಾನಾಗಿ ಮಾರ್ಪಟ್ಟರೆ ಮಾತ್ರ ಬೆಸುಗೆ ನಿಲ್ಲುತ್ತದೆ, ಇಲ್ಲವಾದರೆ ಜೋಡಿ ಮತ್ತೆ ಅಗಲುತ್ತದೆ. ಸಾಮಾನ್ಯ ಪ್ರೋಟಾನೊಂದು ಇದಕ್ಕಾಗಿ ನೂರಾರು ಕೋಟಿ ವರ್ಷ ಕಾಯಬೇಕು. ಸೂರ್ಯ ಒಮ್ಮೆಗೇ ಸಿಡಿದುಹೋಗದೆ 460 ಕೋಟಿ ವರ್ಷಗಳಿಂದ ಬೆಳಗುತ್ತಿರುವುದು ಈ ಅಡ್ಡಿಗಳ ದೆಸೆಯಿಂದಲೇ.

ಅವನನ್ನು ಬಿಟ್ಟ ಬೆಳಕು ಎಂಟು ನಿಮಿಷ ಕಳೆಯುವಷ್ಟರಲ್ಲಿ ಪಾವಗಡದ ಹೊಲಗಳ ಮೇಲೆ ಬೀಳುತ್ತದೆ. ಬರದ ವರ್ಷಗಳಲ್ಲಿ ಆ ಬಿಸಿಲನ್ನು ಶಪಿಸಿದ ಸೀಮೆ ಅದು. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ, ಬಹುಪಾಲು ರೈತರಿಂದ ಗುತ್ತಿಗೆಗೆ ಪಡೆದ ನೆಲದಲ್ಲಿ, 2,050 ಮೆಗಾವಾಟಿನ ಸೌರಸ್ಥಾವರ 2019ರ ಕೊನೆಗೆ ಪೂರ್ಣವಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿಯೆಂದು ಮೊದಲು ಗೊತ್ತಾಯಿತು. ಭೂಮಿಯಿಲ್ಲದ ಕೂಲಿಯವರಿಗಾದರೋ ಗೇಣಿಯೂ ಇಲ್ಲ, ಹೊಲದ ಕೆಲಸವೂ ಹೋಯಿತು.