ಬಾಗಿಲ ಮುಂದಿನ ಗಾಡಿ ಕಾಣೆಯಾದ ಬೆಳಿಗ್ಗೆ

ಫಜ್ರ್ ನಮಾಝ್ ಮುಗಿಸಿ ಅಂಗಳ ಗುಡಿಸಲು ಬಾಗಿಲು ತೆರೆಯುತ್ತೀರಿ. ರಾತ್ರಿ ಕಟ್ಟೆಯ ಪಕ್ಕ ನಿಲ್ಲಿಸಿದ್ದ ಬೈಕ್ ಅಲ್ಲಿಲ್ಲ. ಕೂಡಲೇ ನಂಬಿಕೆ ಬರುವುದಿಲ್ಲ. ಮೈದುನ ಹಾಲಿಗೆ ಹೋಗಿರಬೇಕು, ಪಕ್ಕದ ಮನೆಯ ಹುಡುಗ ಕೇಳದೆ ಒಯ್ದಿರಬೇಕು ಎಂದು ಮನಸ್ಸೇ ನೆಪ ಹುಡುಕುತ್ತದೆ. ಮೈದುನ ಕಣ್ಣುಜ್ಜಿಕೊಂಡು ಒಳಗಿನಿಂದ ಬಂದು "ಗಾಡಿ ಎಲ್ಲೈತಿ ಭಾಬಿ?" ಎಂದು ನಿಮ್ಮನ್ನೇ ಕೇಳಿದಾಗ ಎದೆ ಧಸಕ್ಕೆನ್ನುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಬೈಕ್ ಎಂದರೆ ಶೋಕಿಯ ವಸ್ತುವಲ್ಲ. ಅದು ಸಂತೆಗೆ ಹೋಗುವ ಬಟ್ಟೆ ಗಂಟು, ಹೊಲಕ್ಕೆ ಹೋಗುವ ಗೊಬ್ಬರದ ಚೀಲ, ಮಗುವಿನ ಶಾಲೆ, ಅಮ್ಮಿಯ ಆಸ್ಪತ್ರೆ. ಬಹಳ ಮನೆಗಳಲ್ಲಿ ಅದರ ಸಾಲದ ಕಂತು ಇನ್ನೂ ಮುಗಿದಿರುವುದಿಲ್ಲ. ಗಾಡಿ ಹೋದರೂ ಕಂತು ಹೋಗುವುದಿಲ್ಲ, ಅದು ತಿಂಗಳು ತಿಂಗಳು ಬಾಗಿಲು ತಟ್ಟುತ್ತಲೇ ಇರುತ್ತದೆ.

ಇನ್ನೊಂದು ಕಷ್ಟವೂ ಇದೆ. ಗಾಡಿ ಇರುವುದು ಗಂಡನ ಹೆಸರಿನಲ್ಲಿ. ಗಂಡ ಸೌದಿಯಲ್ಲೋ ಕೊಲ್ಹಾಪುರದಲ್ಲೋ ದುಡಿಯುತ್ತಿದ್ದಾರೆ. ಮನೆಯಲ್ಲಿ ಇರುವವರು ನೀವು ಮತ್ತು ವಯಸ್ಸಾದ ಮಾವ. ಆಗ ಕೇಳಿಬರುವ ಮೊದಲ ಮಾತು, "ಅವರು ಬರಲಿ, ಆಮೇಲೆ ನೋಡೋಣ." ಸಹೋದರಿಯರೇ, ಈ ಒಂದು ಮಾತಿನಿಂದಲೇ ಎಷ್ಟೋ ಕುಟುಂಬಗಳು ವಿಮೆಯ ಹಣ ಕಳೆದುಕೊಂಡಿವೆ. ದೂರು ಕೊಡಲು ನೀವು ಗಾಡಿಯ ಮಾಲೀಕರೇ ಆಗಿರಬೇಕು ಎಂಬ ನಿಯಮವಿಲ್ಲ. ಕಳವಿನ ವಿಷಯ ತಿಳಿದ ಯಾರೇ ಆದರೂ ಠಾಣೆಗೆ ಮಾಹಿತಿ ಕೊಡಬಹುದು.

ಮೊದಲ ದಿನ ಮಾಡಬೇಕಾದದ್ದು

ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ. ಕಂತು ಬಾಕಿ ಇದ್ದರೆ ಸಾಲ ಕೊಟ್ಟ ಕಂಪೆನಿಯವರೇ ಎತ್ತಿಕೊಂಡು ಹೋಗಿರಬಹುದೇ? ಪೇಟೆಯಲ್ಲಿ ನಿಲ್ಲಿಸಿದ್ದರೆ ಸಂಚಾರ ಪೊಲೀಸರು ಒಯ್ದಿರಬಹುದೇ? ಇದಕ್ಕೆ ಎರಡು ಫೋನ್ ಸಾಕು, ಅರ್ಧ ದಿನ ಬೇಡ. ನಂತರ 112ಕ್ಕೆ ಕರೆ ಮಾಡಿ. ಗಾಡಿ ಕಾಣೆಯಾಗಿ ಒಂದೆರಡು ಗಂಟೆಯಷ್ಟೇ ಆಗಿದ್ದರೆ ಈ ಕರೆಗೆ ಬೆಲೆಯಿದೆ. ಸಂಕೇಶ್ವರದ ಹೆದ್ದಾರಿ ಹಿಡಿದರೆ ಮಹಾರಾಷ್ಟ್ರದ ಗಡಿ ದೂರವಿಲ್ಲ. ಗಡಿ ದಾಟಿದ ಮೇಲೆ ನಂಬರ್ ಪ್ಲೇಟ್ ಬದಲಿಸುವುದಕ್ಕೆ ಒಂದು ಸ್ಕ್ರೂ ಡ್ರೈವರ್ ಸಾಕು.

ಠಾಣೆಗೆ ಹೋಗುವಾಗ ಆರ್‌ಸಿ, ವಿಮೆ ಪಾಲಿಸಿಯ ಪ್ರತಿ, ನಿಮ್ಮ ಆಧಾರ್ ಜೊತೆಗಿರಲಿ. ದೂರನ್ನು ಸರಳ ಕನ್ನಡದಲ್ಲಿ ಬರೆಯಿರಿ: ಎಲ್ಲಿ ನಿಲ್ಲಿಸಿದ್ದು, ಎಷ್ಟು ಗಂಟೆಗೆ ಕೊನೆಯ ಬಾರಿ ನೋಡಿದ್ದು, ಯಾವಾಗ ಗೊತ್ತಾದದ್ದು, ಹ್ಯಾಂಡಲ್ ಲಾಕ್ ಮಾಡಲಾಗಿತ್ತೇ, ಕೀಲಿ ಎಲ್ಲಿದೆ. ಗಾಡಿಯ ಗುರುತುಗಳನ್ನೂ ಬರೆಯಿರಿ. ಟ್ಯಾಂಕಿನ ಮೇಲಿನ ತಗ್ಗು, ಹರಿದ ಸೀಟು, ಮಗು ಅಂಟಿಸಿದ ಸ್ಟಿಕ್ಕರ್. ನಂಬರ್ ಬದಲಾದ ಗಾಡಿಯನ್ನು ಇಂಥ ಸಣ್ಣ ಗುರುತುಗಳೇ ಹಿಡಿದುಕೊಡುತ್ತವೆ. ಬರೆಯಲು ಬಾರದಿದ್ದರೆ ಬಾಯಿಮಾತಿನಲ್ಲಿ ಹೇಳಿ. ಅದನ್ನು ಬರೆದುಕೊಂಡು ನಿಮಗೆ ಓದಿ ಹೇಳಬೇಕಾದದ್ದು ಠಾಣೆಯ ಕರ್ತವ್ಯ. ಓದಿ ಹೇಳುವ ಮುಂಚೆ ಸಹಿ ಹಾಕಬೇಡಿ.

ಗಾಡಿ ಎಲ್ಲಿ ಕಳುವಾಯಿತೋ ಅಲ್ಲಿಯ ಠಾಣೆಗೇ ಹೋಗಬೇಕೆ? ಹುಕ್ಕೇರಿಯ ಮನೆಯವರು ಮದುವೆ ಬಟ್ಟೆಗೆಂದು ಗೋಕಾಕಕ್ಕೆ ಬಂದಾಗ ಗಾಡಿ ಹೋಯಿತೆನ್ನಿ. ಗೋಕಾಕದಲ್ಲೇ ದೂರು ಕೊಡುವುದು ಉತ್ತಮ, ತನಿಖೆ ನಡೆಯುವುದು ಅಲ್ಲಿಯೇ. ಆದರೆ ಗಾಬರಿಯಲ್ಲಿ ಬಸ್ ಹತ್ತಿ ಊರಿಗೆ ಬಂದುಬಿಟ್ಟಿದ್ದರೆ ಹುಕ್ಕೇರಿ ಠಾಣೆಯವರು "ಇದು ನಮ್ಮ ಹದ್ದಿನದಲ್ಲ" ಎಂದು ವಾಪಸು ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಯಾವ ಹದ್ದಿನಲ್ಲಿ ಅಪರಾಧ ನಡೆದಿದ್ದರೂ ಮಾಹಿತಿ ಪಡೆಯಬೇಕು ಎನ್ನುತ್ತದೆ. ಇದನ್ನೇ ಜನ ಝೀರೋ ಎಫ್‌ಐಆರ್ ಎನ್ನುವುದು. ಅದೇ ಕಲಮಿನ ಪ್ರಕಾರ ಆನ್‌ಲೈನ್ ಮೂಲಕ ಮಾಹಿತಿ ಕಳಿಸಿದರೂ ನಡೆಯುತ್ತದೆ, ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು ಅಷ್ಟೆ. ದೂರಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂದೂ ಅಲ್ಲಿದೆ. ಕಳವು ಈಗ ಭಾರತೀಯ ನ್ಯಾಯ ಸಂಹಿತೆಯ 303(2)ರ ಅಡಿ ಬರುತ್ತದೆ. ಹಳೆಯ 379 ಎಂಬ ಸಂಖ್ಯೆಯೇ ಇನ್ನೂ ಜನರ ಬಾಯಲ್ಲಿದೆ.

"ಎರಡು ದಿನ ನೀವೇ ಹುಡುಕಿ, ಸಿಗದಿದ್ದರೆ ಬರ್ರಿ" ಎಂಬ ಉತ್ತರ ಬಂದರೆ? ಜಗಳ ಮಾಡಬೇಡಿ, ಬರಿಗೈಯಲ್ಲೂ ಹಿಂದಿರುಗಬೇಡಿ. ಬರೆದ ದೂರಿನ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ದಿನಾಂಕ ಮತ್ತು ಮೊಹರು ಹಾಕಿಸಿಕೊಳ್ಳಿ. ಅದೂ ಆಗದಿದ್ದರೆ ಅದೇ ದೂರನ್ನು ಬೆಳಗಾವಿಯ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಲು ಕಾನೂನಿನಲ್ಲಿ ದಾರಿಯಿದೆ. ಆ ಅಂಚೆ ರಸೀದಿ ಮುಂದೆ ವಿಮೆಯವರ ಎದುರೂ ನಿಮ್ಮ ಸಾಕ್ಷಿ.

ಅದೇ ದಿನ ವಿಮೆ ಕಂಪೆನಿಗೂ ಸಾಲ ಕೊಟ್ಟ ಬ್ಯಾಂಕಿಗೂ ತಿಳಿಸಿ, ಆರ್‌ಟಿಓ ಕಚೇರಿಗೂ ಒಂದು ಅರ್ಜಿ ಕೊಡಿ. ಕೆಎ 49 ಎಂದು ಶುರುವಾಗುವ ಗಾಡಿಯಾದರೆ ಅದು ಗೋಕಾಕ ಕಚೇರಿ. ಕಳುವಾದ ಗಾಡಿಯನ್ನು ಬೇರೆಯವರ ಹೆಸರಿಗೆ ವರ್ಗಾಯಿಸುವುದನ್ನು ತಡೆಯಲು ಇದು ಬೇಕು. ಕಂತು ಕಟ್ಟುವುದನ್ನು ಮಾತ್ರ ಸಿಟ್ಟಿನಿಂದ ನಿಲ್ಲಿಸಬೇಡಿ. ಬ್ಯಾಂಕಿನವರೊಂದಿಗೆ ಮಾತಾಡಿ ಕಾಲಾವಕಾಶ ಕೇಳುವುದು ಬೇರೆ, ಕಟ್ಟದೆ ಕೂರುವುದು ಬೇರೆ.

'ಐದು ವರ್ಷದ ವಿಮೆ ಇದೆಯಲ್ಲ!'

ಬಹಳ ಮನೆಗಳು ಮೋಸ ಹೋಗುವುದು ಈ ಮಾತಿನಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕ್ ಕೊಳ್ಳುವವರು ಐದು ವರ್ಷದ ವಿಮೆಯನ್ನು ಒಮ್ಮೆಗೇ ಮಾಡಿಸಬೇಕು. ಆದರೆ ಆ ಐದು ವರ್ಷ ಇರುವುದು ಥರ್ಡ್ ಪಾರ್ಟಿ ವಿಮೆಗೆ ಮಾತ್ರ. ನಿಮ್ಮ ಗಾಡಿ ಯಾರಿಗಾದರೂ ಡಿಕ್ಕಿ ಹೊಡೆದರೆ ಅವರಿಗೆ ಪರಿಹಾರ ಕೊಡುವ ವಿಮೆ ಅದು. ನಿಮ್ಮ ಗಾಡಿಯೇ ಕಳುವಾದರೆ ಅದರಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಕಳವಿಗೆ ಹಣ ಕೊಡುವುದು 'ಓನ್ ಡ್ಯಾಮೇಜ್' ಎಂಬ ಭಾಗ. ಶೋರೂಮಿನಲ್ಲಿ ಸಾಮಾನ್ಯವಾಗಿ ಅದನ್ನು ಮೊದಲ ಒಂದು ವರ್ಷಕ್ಕೆ ಮಾತ್ರ ಸೇರಿಸಿರುತ್ತಾರೆ. ಎರಡನೇ ವರ್ಷ ನೀವೇ ನೆನಪಿಟ್ಟು ನವೀಕರಿಸಬೇಕು. ಯಾರು ನೆನಪಿಡುತ್ತಾರೆ? ಪೊಲೀಸರು ಹಿಡಿದಾಗ ತೋರಿಸಲು ಕಾಗದ ಇದ್ದರೆ ಸಾಕು ಎಂದುಕೊಂಡಿರುತ್ತೇವೆ. ಇವತ್ತು ಪಾಲಿಸಿ ತೆಗೆದು ನೋಡಿ. ಅದರಲ್ಲಿ ಎರಡು ಬೇರೆ ಬೇರೆ ಮುಕ್ತಾಯ ದಿನಾಂಕಗಳಿದ್ದರೆ ಹತ್ತಿರದ ದಿನಾಂಕವೇ ಕಳವಿನ ವಿಮೆಯದು.

ಎಷ್ಟು ಹಣ ಬರುತ್ತದೆ? ಕೊಂಡ ಬೆಲೆ ಬರುವುದಿಲ್ಲ. ಪಾಲಿಸಿಯಲ್ಲಿ ಐಡಿವಿ ಎಂದು ಬರೆದಿರುವ ಮೊತ್ತವೇ ಲೆಕ್ಕ. ಗಾಡಿಗೆ ವಯಸ್ಸಾದಂತೆ ಅದು ಇಳಿಯುತ್ತದೆ. ಸಾಮಾನ್ಯ ಕೋಷ್ಟಕದಂತೆ ಒಂದರಿಂದ ಎರಡು ವರ್ಷದ ಗಾಡಿಗೆ ಶೇಕಡಾ 20, ಎರಡರಿಂದ ಮೂರು ವರ್ಷಕ್ಕೆ 30, ನಾಲ್ಕರಿಂದ ಐದು ವರ್ಷಕ್ಕೆ 50 ಕಡಿತ. ಎಂಬತ್ತು ಸಾವಿರದ ಬೈಕ್ ಎರಡೂವರೆ ವರ್ಷ ಹಳೆಯದಾಗಿದ್ದರೆ ಸುಮಾರು 56 ಸಾವಿರ. ಪ್ರೀಮಿಯಂನಲ್ಲಿ ನೂರಿನ್ನೂರು ಉಳಿಸಲು ಐಡಿವಿ ಕಡಿಮೆ ಬರೆಸಿಕೊಳ್ಳುವವರು ಇದ್ದಾರೆ. ಕಳುವಾದ ದಿನ ಆ ಉಳಿತಾಯ ಕಣ್ಣಿಗೆ ಕುಕ್ಕುತ್ತದೆ. ಸಾಲ ಬಾಕಿಯಿದ್ದರೆ ಈ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ ಎಂಬುದೂ ತಿಳಿದಿರಲಿ.

ವಿಮೆಯವರು ಕೇಳುವ ವಸ್ತುಗಳಲ್ಲಿ ಎರಡನ್ನು ನಾವು ಮರೆಯುತ್ತೇವೆ. ಒಂದು, ಗಾಡಿಯ ಎರಡೂ ಕೀಲಿಗಳು. ಎರಡನೇ ಕೀಲಿ ಎಲ್ಲಿ ಎಂದರೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅದಿಲ್ಲದಿದ್ದರೆ ಅವರಿಗೆ ಸಂಶಯ ಶುರುವಾಗುತ್ತದೆ. ಎರಡನೆಯದು ಪೊಲೀಸರ 'ಸಿ ರಿಪೋರ್ಟ್'. ಕಳವು ನಿಜ, ಆದರೆ ಗಾಡಿಯೂ ಕಳ್ಳನೂ ಪತ್ತೆಯಾಗಿಲ್ಲ ಎಂದು ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ವರದಿ ಅದು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಎಫ್‌ಐಆರ್ ಸಂಖ್ಯೆ ಇಟ್ಟುಕೊಂಡು ಆಗಾಗ ಕೇಳುತ್ತಿರಬೇಕು, ತಾನಾಗಿ ಮನೆಗೆ ಬರುವ ಕಾಗದವಲ್ಲ.

"ನಮಗೆ ತಡವಾಗಿ ತಿಳಿಸಿದಿರಿ" ಎಂಬುದು ಹಣ ನಿರಾಕರಿಸಲು ಕಂಪೆನಿಗಳು ಹೇಳುವ ಹಳೆಯ ಕಾರಣ. ಇದರ ಬಗ್ಗೆ ಸುಪ್ರೀಂ ಕೋರ್ಟ್ 2020ರಲ್ಲಿ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟ ತೀರ್ಪು ಕೊಟ್ಟಿದೆ. ಕಳುವಾದ ಕೂಡಲೇ ಪೊಲೀಸರಿಗೆ ದೂರು ಕೊಟ್ಟಿದ್ದರೆ, ವಿಮೆ ಕಂಪೆನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ. ಪೊಲೀಸ್ ದೂರೇ ತಡವಾದರೆ ಈ ತೀರ್ಪು ನಿಮ್ಮ ನೆರವಿಗೆ ಬರುವುದು ಕಷ್ಟ. "ಅವರು ಬರಲಿ" ಎಂದು ಕಾಯಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಕೀಲಿಯನ್ನು ಗಾಡಿಯಲ್ಲೇ ಬಿಟ್ಟಿದ್ದರೆ ಎಲ್ಲ ಮುಗಿಯಿತು ಎಂದೂ ಅಲ್ಲ. ಹಾಗೆ ಕಳುವಾದ ಲಾರಿಯೊಂದರ ಪ್ರಕರಣದಲ್ಲಿ 2023ರಲ್ಲಿ ಅದೇ ನ್ಯಾಯಾಲಯ ಶೇಕಡಾ 75ರಷ್ಟು ಕೊಡಿಸಿದೆ. ಆದ್ದರಿಂದ ದೂರಿನಲ್ಲಿ ಸುಳ್ಳು ಬರೆಯುವ ಅಗತ್ಯವಿಲ್ಲ. ಕೀಲಿ ಬಿಟ್ಟಿದ್ದರೆ ಬಿಟ್ಟಿದ್ದೆವು ಎಂದೇ ಬರೆಯಿರಿ. ಸುಳ್ಳು ಹೊರಬಿದ್ದರೆ ಆ ಮುಕ್ಕಾಲು ಪಾಲೂ ಹೋಗುತ್ತದೆ.

ಅನ್ಯಾಯವಾಗಿ ನಿರಾಕರಿಸಿದರೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು.

ಗಾಡಿ ಸಿಕ್ಕಿತು, ಆದರೆ...

ಪೊಲೀಸರು ಕಳ್ಳರನ್ನು ಹಿಡಿದು ಹತ್ತಿಪ್ಪತ್ತು ಬೈಕ್‌ಗಳನ್ನು ಸಾಲಾಗಿ ನಿಲ್ಲಿಸಿದ ಫೋಟೊ ಪತ್ರಿಕೆಯಲ್ಲಿ ನೋಡಿರುತ್ತೀರಿ. ಅದರಲ್ಲಿ ನಿಮ್ಮದೂ ಇದ್ದರೆ ಸಂತೋಷವೇ. ಆದರೆ ಅದು ಆಗ 'ಮುದ್ದೆಮಾಲು'. ನ್ಯಾಯಾಲಯದ ಆದೇಶವಿಲ್ಲದೆ ಕೈಗೆ ಸಿಗುವುದಿಲ್ಲ. ಠಾಣೆಯ ಹಿಂದೆ ಮಳೆಗೆ ತುಕ್ಕು ಹಿಡಿದು, ಹುಲ್ಲು ಬೆಳೆದು ನಿಂತ ಗಾಡಿಗಳನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅವುಗಳಲ್ಲಿ ಎಷ್ಟಕ್ಕೆ ಮಾಲೀಕರು ಅರ್ಜಿಯನ್ನೇ ಹಾಕಿರಲಿಕ್ಕಿಲ್ಲ! ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ: ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಇಟ್ಟುಕೊಂಡು ಪ್ರಯೋಜನವಿಲ್ಲ, ಫೋಟೊ ತೆಗೆದು ಬಾಂಡ್ ಬರೆಸಿಕೊಂಡು ಬಿಡುಗಡೆ ಮಾಡಬೇಕು. ಹೊಸ ಸಂಹಿತೆಯ 497ನೇ ಕಲಮಿನಲ್ಲಿ ಇದಕ್ಕೆ ದಿನಗಳ ಗಡುವನ್ನೂ ಸೇರಿಸಲಾಗಿದೆ. ಸುದ್ದಿ ತಿಳಿದ ವಾರದಲ್ಲೇ ಆರ್‌ಸಿ ಹಿಡಿದು ವಕೀಲರ ಮೂಲಕ ಅರ್ಜಿ ಹಾಕಿ. ವಿಮೆ ಹಣ ಈಗಾಗಲೇ ಬಂದಿದ್ದರೆ ಮಾತ್ರ ಆ ಗಾಡಿ ನಿಮ್ಮದಲ್ಲ, ಕಂಪೆನಿಯದು.

ಕಳ್ಳರು ಚಾಸಿಸ್ ನಂಬರನ್ನು ಉಜ್ಜಿ ಅಳಿಸಿರುತ್ತಾರೆ. ಹಿಂದೆ ಪಾಲಿಸಿ ಮಾಡುವವರು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆ ನಂಬರಿನ ಅಚ್ಚು ತೆಗೆಯುತ್ತಿದ್ದುದು ನೆನಪಿದೆಯೇ? ಮಕ್ಕಳಿಗೆ ಹೇಳಿ, ನಾಣ್ಯದ ಅಚ್ಚು ತೆಗೆಯುವಂತೆ ಖುಷಿಯಿಂದ ತೆಗೆದುಕೊಡುತ್ತಾರೆ. ಆ ಕಾಗದವನ್ನು ಆರ್‌ಸಿಯ ಜೊತೆ ಇಡಿ.

ಹೋಗದಂತೆ ನೋಡಿಕೊಳ್ಳುವುದು

ಹ್ಯಾಂಡಲ್ ಲಾಕ್ ಒಂದನ್ನೇ ನಂಬಬೇಡಿ. ಬಲವಾಗಿ ತಿರುಚಿದರೆ ಅದು ಮುರಿಯುತ್ತದೆ, ದೊಡ್ಡ ಸದ್ದೂ ಆಗುವುದಿಲ್ಲ. ಮುಂಚಕ್ರದ ಡಿಸ್ಕ್‌ಗೆ ಹಾಕುವ ಬೀಗ ಅಥವಾ ಚಕ್ರದಿಂದ ಕಿಟಕಿಯ ಸರಳಿಗೋ ಕಂಬಕ್ಕೋ ಬಿಗಿಯುವ ದಪ್ಪ ಸರಪಳಿ ಕೆಲವೇ ನೂರು ರೂಪಾಯಿ. ಕಳ್ಳನಿಗೆ ಬೇಕಾಗಿರುವುದು ಸುಲಭದ ಗಾಡಿ. ಎರಡು ಬೀಗ ಕಂಡರೆ ಅವನು ಪಕ್ಕದ್ದನ್ನು ನೋಡುತ್ತಾನೆ. (ಪಕ್ಕದ ಮನೆಯವರಿಗೂ ಇದನ್ನು ಹೇಳಿ, ಪಾಪ!)

ಮದುವೆ ಹಾಲ್‌ನ ಮುಂದೆ, ಜುಮಾ ದಿನ ಮಸೀದಿಯ ಹೊರಗೆ, ರಮಝಾನಿನಲ್ಲಿ ತರಾವೀಹ್ ಹೊತ್ತಿಗೆ, ಜಾತ್ರೆಯ ಗದ್ದಲದಲ್ಲಿ ಗಾಡಿಗಳು ಗಂಟೆಗಟ್ಟಲೆ ಒಂದೇ ಕಡೆ ನಿಂತಿರುತ್ತವೆ. ಮಾಲೀಕರು ಯಾವಾಗ ಹೊರಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು, ಕಳ್ಳನಿಗೂ ಗೊತ್ತು. ಜಮಾಅತಿನ ಇಬ್ಬರು ಹುಡುಗರು ಸರದಿಯಲ್ಲಿ ಹೊರಗೆ ನಿಂತು, ಒಂದು ಒಳ್ಳೆಯ ದೀಪ ಹಾಕಿಸಿದರೆ ಬಹಳಷ್ಟು ತಪ್ಪುತ್ತದೆ. ಮನೆಯ ಹೆಂಗಸರು ಒತ್ತಾಯಿಸಿದರೆ ಈ ಕೆಲಸ ಬೇಗ ಆಗುತ್ತದೆ ಎಂದು ನನಗನ್ನಿಸುತ್ತದೆ.

ಆರ್‌ಸಿ, ವಿಮೆ ಎಲ್ಲವನ್ನೂ ಡಿಕ್ಕಿಯಲ್ಲೇ ಇಡುವ ಅಭ್ಯಾಸ ಬಿಡಿ. ಗಾಡಿಯ ಜೊತೆ ಕಾಗದವನ್ನೂ ಉಡುಗೊರೆ ಕೊಟ್ಟಂತೆ ಅದು. ಡಿಜಿಲಾಕರ್‌ನಲ್ಲಿ ತೋರಿಸಿದರೂ ಪೊಲೀಸರು ಒಪ್ಪಬೇಕು. ಕಾರಿದ್ದವರು ಫಾಸ್ಟ್‌ಟ್ಯಾಗ್‌ಗೆ ಮನೆಯಲ್ಲಿರುವವರ ಮೊಬೈಲ್ ನಂಬರ್ ಕೊಟ್ಟಿರಲಿ. ಕಾರು ಹತ್ತರಗಿ ಅಥವಾ ಕೊಗನೊಳಿ ಟೋಲ್ ದಾಟಿ ಹಣ ಕಡಿತವಾದರೆ ಸಂದೇಶ ಬರುತ್ತದೆ, ಯಾವ ದಿಕ್ಕಿಗೆ ಹೋಯಿತೆಂದು ಪೊಲೀಸರಿಗೆ ಹೇಳಬಹುದು. ಕಬ್ಬಿನ ಹಂಗಾಮು ಮುಗಿದ ಮೇಲೆ ಹೊಲದ ಬದುವಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಬಿಟ್ಟು ಬರುವವರೂ ಎಚ್ಚರವಾಗಿರಿ. ಅದಕ್ಕೆ ಬೀಗವೂ ಇಲ್ಲ, ಬಹಳ ಜನ ಅದನ್ನು ನೋಂದಣಿಯನ್ನೂ ಮಾಡಿಸಿರುವುದಿಲ್ಲ.

ಇನ್ನು, ಮನೆಯ ಹುಡುಗ "ಅಮ್ಮೀ, ಹದಿನೈದು ಸಾವಿರಕ್ಕೆ ಬೈಕ್ ಸಿಗ್ತೈತಿ, ಪೇಪರ್ ಆಮ್ಯಾಲೆ ಕೊಡ್ತಾರಂತ" ಎಂದು ಬಂದರೆ? ಅಲ್ಲೇ ತಡೆಯಿರಿ. ಕಳವಿನ ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಇನ್ನೊಬ್ಬರ ಮನೆಯ ಕಣ್ಣೀರು ಮೆತ್ತಿದ ಗಾಡಿಯಲ್ಲಿ ದುಡಿದದ್ದು ಹಲಾಲ್ ಹೇಗಾದೀತು? ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಗಾಡಿಯ ಕಂಪೆನಿ, ಮಾದರಿ, ನೋಂದಣಿಯ ದಿನ ಗೊತ್ತಾಗುತ್ತದೆ. ಚಾಸಿಸ್ ನಂಬರ್ ಆರ್‌ಸಿಗೆ ಹೊಂದುತ್ತದೆಯೇ ಎಂದು ಬೆಳಕಿನಲ್ಲಿ ಬಗ್ಗಿ ನೋಡಲಿ. ಉಜ್ಜಿದ ಗುರುತಿದ್ದರೆ ಮಾತು ಅಲ್ಲಿಗೇ ನಿಲ್ಲಲಿ. ಹಾಗೆಯೇ ನಿಮ್ಮ ಹಳೆಯ ಗಾಡಿಯನ್ನು ಮಾರಿದ್ದರೆ ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ತಿಳಿಸಿ. ಕಾಗದದಲ್ಲಿ ನಿಮ್ಮ ಹೆಸರಿರುವವರೆಗೆ ಆ ಗಾಡಿ ಮಾಡಿದ ಅಪಘಾತಕ್ಕೂ ನೀವೇ ಉತ್ತರ ಹೇಳಬೇಕಾಗುತ್ತದೆ.

ಇಷ್ಟು ಓದಿದ ಮೇಲೆ ಪತ್ರಿಕೆ ಪಕ್ಕಕ್ಕಿಟ್ಟು ಆ ಎರಡನೇ ಕೀಲಿ ಎಲ್ಲಿದೆ ನೋಡಿ ಬನ್ನಿ. ಅಲ್ಮೇರಾದಲ್ಲಿ ಇಲ್ಲದಿದ್ದರೆ ಹೊಲಿಗೆ ಯಂತ್ರದ ಡಬ್ಬಿಯಲ್ಲಿ, ಗುಂಡಿಗಳ ನಡುವೆ ಹುಡುಕಿ. ನನ್ನದು ಸಿಕ್ಕಿದ್ದು ಅಲ್ಲಿಯೇ.