ಬೈದು ಹೊಗಳುವವರು, ಹೊಗಳಿ ಬೈಯುವವರು

ರೋಸ್ಟ್ ಎಂದೊಡನೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಹೋಟೆಲಿನ ತುಪ್ಪದ ರೋಸ್ಟ್. ಹೈಸ್ಕೂಲಿನ ಮಕ್ಕಳಿಗೆ ಹಾಗಲ್ಲ. ಒಬ್ಬನನ್ನು ಹತ್ತು ಮಂದಿಯ ನಡುವೆ ನಿಲ್ಲಿಸಿ, ಅವನ ರೂಪ, ನಡೆ, ಮಾತು ಎಲ್ಲವನ್ನೂ ಆಡಿಕೊಂಡು ಉಳಿದವರನ್ನು ನಗಿಸುವುದಕ್ಕೆ ಅವರು ಈಗ ರೋಸ್ಟ್ ಎನ್ನುತ್ತಾರೆ. ಕಾವಲಿಯ ಮೇಲಿದ್ದ ಶಬ್ದ ತರಗತಿಯ ಬೆಂಚಿಗೆ ಬಂದು ಕುಳಿತಿದೆ.

ಮುತ್ತಂಗದಂಥ ಗಡಿಯೂರಿನವರಿಗೆ ಇಂಗ್ಲೆಂಡ್, ಅಮೆರಿಕಗಳ ನಗೆಯ ಗೊಡವೆ ಏಕೆ ಎಂದು ಕೇಳುವವರು ಇರಬಹುದು. ಕಾರಣ ಉಂಟು. ಬಂಡೀಪುರದ ಕಾಡಿಗೆ ತಾಗಿಕೊಂಡ ಈ ಊರಿನ ಕನ್ನಡದ ಮನೆಗಳಲ್ಲಿ ಒಂದೇ ಟಿ.ವಿ.ಯಲ್ಲಿ ಮಲಯಾಳದ ಹಾಸ್ಯವೂ ಬರುತ್ತದೆ, ಕನ್ನಡದ ಹಾಸ್ಯವೂ ಬರುತ್ತದೆ. ಉಳಿದ ಲೋಕದ ಹಾಸ್ಯವನ್ನು ಮಕ್ಕಳ ಕೈಯ ಫೋನು ತಂದುಕೊಡುತ್ತದೆ. ದೂರದ ಊರಿನ ನಗೆ ಮನೆಯೊಳಗೆ ಬರುವಾಗ ಅದರ ನಿಯಮಗಳು ಹೊಸ್ತಿಲ ಹೊರಗೇ ಉಳಿದುಬಿಟ್ಟಿವೆ. ಕಷ್ಟ ಹುಟ್ಟುವುದು ಅಲ್ಲಿ.

ಬೈಗುಳದ ಔತಣ

ಈ ಪದ್ಧತಿಯ ತವರು ನ್ಯೂಯಾರ್ಕಿನ ಫ್ರೈಯರ್ಸ್ ಕ್ಲಬ್. 1904ರಲ್ಲಿ ಹುಟ್ಟಿದ ಈ ಸಂಘ ನಾಟಕ, ಸಿನಿಮಾ ಮಂದಿ ಕೂಡುತ್ತಿದ್ದ ಜಾಗ. ಅಲ್ಲಿ ಒಬ್ಬ ಗಣ್ಯನಿಗೆ ಔತಣ ಏರ್ಪಡಿಸಿ, ಸನ್ಮಾನಪತ್ರ ಓದುವ ಬದಲು ಅವನ ಮಿತ್ರರು ಒಬ್ಬೊಬ್ಬರಾಗಿ ಎದ್ದು ಅವನನ್ನು ಮನಸಾರೆ ಬೈಯುತ್ತಿದ್ದರು. ಪ್ರೀತಿ ಇದ್ದವರನ್ನು ಮಾತ್ರ ಹುರಿಯುತ್ತೇವೆ ಎಂಬುದು ಅವರ ಹೇಳಿಕೆ. ಡೀನ್ ಮಾರ್ಟಿನ್ ಎಂಬ ಗಾಯಕ ನಟ ಇದನ್ನು ಎನ್‌.ಬಿ.ಸಿ. ಟೆಲಿವಿಷನ್ನಿಗೆ ತಂದರು. 1984ರವರೆಗೆ ಅದು ನಡೆಯಿತು. 1973ರಲ್ಲಿ ಆ ಕುರ್ಚಿಯಲ್ಲಿ ಕುಳಿತು ಬೈಸಿಕೊಂಡವರಲ್ಲಿ ಕ್ಯಾಲಿಫೋರ್ನಿಯದ ಅಂದಿನ ಗವರ್ನರ್ ರೊನಾಲ್ಡ್ ರೇಗನ್ ಒಬ್ಬರು. 2003ರಿಂದ ಕಾಮಿಡಿ ಸೆಂಟ್ರಲ್ ಎಂಬ ಚಾನೆಲ್ ಇದೇ ಕೆಲಸವನ್ನು ಇನ್ನಷ್ಟು ಖಾರವಾಗಿ ಮಾಡಿತು. 2011ರಲ್ಲಿ ಅಲ್ಲಿ ಕುಳಿತವರು ಡೊನಾಲ್ಡ್ ಟ್ರಂಪ್. ಬೈಗುಳದ ಔತಣ ಉಂಡ ಇಬ್ಬರೂ ಮುಂದೆ ಶ್ವೇತಭವನ ಸೇರಿದರು!

ಹೊರಗಿನಿಂದ ನೋಡಿದರೆ ಲಂಗುಲಗಾಮಿಲ್ಲದ ಮಾತು. ಒಳಗೆ ಮೂರು ಕಟ್ಟುಗಳಿವೆ. ಬೈಸಿಕೊಳ್ಳುವವನು ತಾನಾಗಿ ಒಪ್ಪಿ ಬಂದಿರಬೇಕು. ಅವನು ದೊಡ್ಡವನಾಗಿರಬೇಕು, ಅಂದರೆ ಹೊಡೆತ ತಾಳುವಷ್ಟು ಹೆಸರು, ಹಣ, ಅಧಿಕಾರ ಉಳ್ಳವನಾಗಿರಬೇಕು. ಎಲ್ಲರ ಸರದಿ ಮುಗಿದ ಮೇಲೆ ಕೊನೆಯ ಮಾತು ಅವನದಾಗಬೇಕು. ಎದ್ದು ನಿಂತು ಎಲ್ಲರಿಗೂ ಬಡ್ಡಿ ಸಮೇತ ತೀರಿಸುವ ಹಕ್ಕು ಅವನಿಗೆ ಉಂಟು.

ಹಳಗನ್ನಡ ಪದ್ಯಗಳಿಗೆ ಅಲಂಕಾರ ಬರೆದು ಅಭ್ಯಾಸ ಇರುವವರಿಗೆ ಇದರ ಹೆಸರು ತಟ್ಟನೆ ಹೊಳೆಯಬೇಕು: ವ್ಯಾಜಸ್ತುತಿ. ನಿಂದಿಸಿದಂತೆ ತೋರಿ ಸ್ತುತಿಸುವುದು ಅದರ ಒಂದು ಬಗೆ. ಸ್ತುತಿಸಿದಂತೆ ತೋರಿ ನಿಂದಿಸುವುದು ಇನ್ನೊಂದು ಬಗೆ. ಪುರಂದರದಾಸರು ದೇವರನ್ನೇ ಮೂದಲಿಸಿ ಹಾಡಿದ ನಿಂದಾಸ್ತುತಿಗಳು ಮೊದಲನೆಯ ಬಗೆಗೆ ಸೇರುತ್ತವೆ. ಅಮೆರಿಕದವರ ರೋಸ್ಟ್ ಅದೇ ಜಾತಿಯದು. ಮಾತು ಬೈಗುಳ, ತಿರುಳು ಸನ್ಮಾನ.

ಹಾಗಾದರೆ ಬ್ರಿಟಿಷರದು? ಅವರು ಹೆಚ್ಚು ಒಲಿದಿರುವುದು ಎರಡನೆಯ ಬಗೆಗೆ. 1980ರಲ್ಲಿ ಬಿ.ಬಿ.ಸಿ.ಯಲ್ಲಿ ಆರಂಭವಾದ ‘ಯೆಸ್ ಮಿನಿಸ್ಟರ್’ ಧಾರಾವಾಹಿಯಲ್ಲಿ ಒಬ್ಬ ಹಿರಿಯ ಅಧಿಕಾರಿ ತನ್ನ ಮಂತ್ರಿಗೆ, ತಮ್ಮ ನಿರ್ಧಾರ ಬಹಳ ಧೈರ್ಯದ್ದು ಎಂದು ವಿನಯದಿಂದ ಹೇಳುತ್ತಾನೆ. ಕೇಳಿದ ಮಂತ್ರಿಗೆ ನಡುಕ ಹುಟ್ಟುತ್ತದೆ. ಈ ಕೆಲಸಕ್ಕೆ ಕೈಹಾಕಿದರೆ ಚುನಾವಣೆಯಲ್ಲಿ ಸೋಲು ಖಂಡಿತ ಎಂಬುದು ಆ ಹೊಗಳಿಕೆಯ ಅರ್ಥ. ದನಿ ಏರಿಸದೆ, ಮುಖದ ಗೆರೆ ಅಲುಗಿಸದೆ ಚುಚ್ಚುವ ಈ ರೀತಿ ಸರಕಾರಿ ಕಚೇರಿ ಹತ್ತಿ ಇಳಿದ ನಮಗೆ ಹೊಸದೇನಲ್ಲ.

ಬ್ರಿಟಿಷರ ಇನ್ನೊಂದು ಗುಣ ತನ್ನನ್ನೇ ಹಾಸ್ಯ ಮಾಡಿಕೊಳ್ಳುವುದು. ಅವರ ಹಾಸ್ಯದ ನಾಯಕ ಹೆಚ್ಚಾಗಿ ಸೋಲುವವನು. ‘ದಿ ಆಫೀಸ್’ ಎಂಬ ಧಾರಾವಾಹಿ 2001ರಲ್ಲಿ ಬ್ರಿಟನ್ನಿನಲ್ಲಿ ಬಂತು, 2005ರಲ್ಲಿ ಅಮೆರಿಕದವರು ಅದನ್ನೇ ತಮ್ಮದಾಗಿ ಮಾಡಿಕೊಂಡರು. ಬ್ರಿಟಿಷ್ ಮ್ಯಾನೇಜರನನ್ನು ನೋಡುವಾಗ ನಮಗೇ ನಾಚಿಕೆಯಾಗುತ್ತದೆ. ಅಮೆರಿಕದ ಮ್ಯಾನೇಜರ್ ಅಷ್ಟೇ ದಡ್ಡನಾದರೂ ಬರಬರುತ್ತ ಹೃದಯವಂತನಾಗುತ್ತಾನೆ. ಬೈದರೂ ಕೊನೆಗೆ ಅಪ್ಪಿಕೊಳ್ಳಬೇಕು ಎಂಬುದು ಅಲ್ಲಿನ ಪ್ರೇಕ್ಷಕರ ಆಸೆ. ಆದರೆ ಗೆರೆ ಕೊಯ್ದಂತೆ ಇಬ್ಬರನ್ನು ಬೇರೆ ಮಾಡಲಾಗದು. 1984ರಿಂದ ಬ್ರಿಟಿಷ್ ಟಿ.ವಿ.ಯಲ್ಲಿ ಬಂದ ‘ಸ್ಪಿಟಿಂಗ್ ಇಮೇಜ್’ ಎಂಬ ಗೊಂಬೆಯಾಟ ರಾಣಿಯನ್ನೂ ಪ್ರಧಾನಿಯನ್ನೂ ಬಿಡದೆ ಹರಿದು ಹಾಕಿದ್ದು ಉಂಟು.

ನಿಯಮ ತಪ್ಪಿದಾಗ

ಬ್ರಿಟಿಷ್ ಹಾಸ್ಯಗಾರ ರಿಕಿ ಜರ್ವೇಸ್ 2011ರಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಸಮಾರಂಭವನ್ನು ನಡೆಸಿಕೊಡುತ್ತ ಹಾಲಿವುಡ್ಡಿನ ತಾರೆಯರನ್ನು ಎದುರೆದುರೇ ಚುಚ್ಚಿದಾಗ ದೊಡ್ಡ ಗದ್ದಲವಾಯಿತು. ರೋಸ್ಟಿನ ನಾಡಿನವರಿಗೇ ಅದು ಸಹನೆಯಾಗಲಿಲ್ಲ. ಅವರು ಬಂದದ್ದು ಪ್ರಶಸ್ತಿ ತೆಗೆದುಕೊಳ್ಳುವುದಕ್ಕೆ, ಬೈಸಿಕೊಳ್ಳುವುದಕ್ಕಲ್ಲ. ಅಲ್ಲಿ ಮೊದಲನೆಯ ಕಟ್ಟು ಇರಲಿಲ್ಲ. 2022ರ ಆಸ್ಕರ್ ಸಮಾರಂಭದಲ್ಲಿ ಕ್ರಿಸ್ ರಾಕ್ ನಟ ವಿಲ್ ಸ್ಮಿತ್ ಅವರ ಪತ್ನಿಯ ಬೋಳು ತಲೆಯ ಬಗ್ಗೆ ಒಂದು ಮಾತು ಆಡಿದರು. ಆಕೆಗೆ ಕೂದಲು ಉದುರುವ ಕಾಯಿಲೆ ಇತ್ತು. ಸ್ಮಿತ್ ವೇದಿಕೆ ಏರಿ ಕೆನ್ನೆಗೆ ಬಾರಿಸಿದ್ದನ್ನು ಲೋಕವೇ ನೋಡಿತು. ಹತ್ತು ವರ್ಷ ಆ ಸಮಾರಂಭಕ್ಕೆ ಕಾಲಿಡದಂತೆ ಅವರಿಗೆ ಶಿಕ್ಷೆಯಾಯಿತು. ಹೊಡೆದದ್ದು ತಪ್ಪು. ಕಾಯಿಲೆಯನ್ನು ನಗೆಯ ವಸ್ತು ಮಾಡಿದ್ದು ಸರಿ ಎಂದು ಅದರಿಂದ ಸಿದ್ಧವಾಗುವುದಿಲ್ಲ.

ಇನ್ನೊಂದು ಸಂಗತಿ ತಂದೆತಾಯಂದಿರು ಗಮನಿಸಬೇಕಾದದ್ದು. 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಅಮೆರಿಕದ ಫುಟ್‌ಬಾಲ್ ತಾರೆ ಟಾಮ್ ಬ್ರೇಡಿಯನ್ನು ಹುರಿದರು. ಅವರು ಒಪ್ಪಿಯೇ ಕುಳಿತಿದ್ದರು, ತಮ್ಮ ಮೇಲಿನ ಹಾಸ್ಯಕ್ಕೆ ನಕ್ಕರು. ಆದರೆ ಅದು ತಮ್ಮ ಮಕ್ಕಳ ಮನಸ್ಸಿಗೆ ತಾಗಿದ ರೀತಿ ತಮಗೆ ಹಿಡಿಸಲಿಲ್ಲವೆಂದು ಆಮೇಲೆ ಹೇಳಿಕೊಂಡರು. ತಂದೆಯ ಒಪ್ಪಿಗೆ ಮಕ್ಕಳ ಒಪ್ಪಿಗೆಯಾಗದು ತಾನೆ?

ನಮ್ಮಲ್ಲಿ ಇರಲಿಲ್ಲವೇ?

ಧಾರಾಳವಾಗಿ ಇತ್ತು. ಮದುವೆ ಮನೆಗಳ ಬೀಗರ ಹಾಡು ಮತ್ತೇನು? ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು, ಅವರ ಊಟವನ್ನು, ಜಿಪುಣತನವನ್ನು ಹಾಡಿನಲ್ಲಿ ಹಿಡಿದು ಜರೆಯುತ್ತಾರೆ. ಮರುಕ್ಷಣ ಆ ಕಡೆಯ ಹೆಂಗಸರ ಸರದಿ. ಎರಡು ಕಡೆಯೂ ಸಮ, ಆಮೇಲೆ ಒಂದೇ ಪಂಕ್ತಿಯಲ್ಲಿ ಊಟ. ಕಾಸರಗೋಡಿನ ತಾಳಮದ್ದಳೆಯಲ್ಲಿಯೂ ಇದೇ ನ್ಯಾಯ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕುತ್ತಿದ್ದರು. ಎದುರಾಳಿಗೆ ಉತ್ತರದ ಅವಕಾಶ ಇದ್ದೇ ಇತ್ತು. ಮಾತು ಮಿತಿಮೀರಿದರೆ ಭಾಗವತರು ಮುಂದಿನ ಪದ ಎತ್ತಿ ಅದಕ್ಕೆ ಕಡಿವಾಣ ಹಾಕುತ್ತಿದ್ದರು.

ನಾವು ಬಾಳುತ್ತಿರುವ ಈ ನಾಡಿನ ಚಾಕ್ಯಾರ್ ಕೂತ್ತಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ದೇವಸ್ಥಾನದ ಕೂತ್ತಂಬಲದಲ್ಲಿ ಮಿಳಾವಿನ ತಾಳಕ್ಕೆ ಪುರಾಣ ಹೇಳುವ ಚಾಕ್ಯಾರ್, ಎದುರು ಕುಳಿತವರು ಯಾರೇ ಇರಲಿ, ರಾಜನೇ ಇರಲಿ, ಕಥೆಯ ನೆಪದಲ್ಲಿ ಗೇಲಿ ಮಾಡಬಹುದು. ಕುಳಿತವರು ತಿರುಗಿ ಮಾತಾಡುವಂತಿಲ್ಲ. ಅಲ್ಲಿ ಕೊನೆಯ ಮಾತು ಇಲ್ಲ ನಿಜ. ಆದರೆ ಪೆಟ್ಟು ಬೀಳುತ್ತಿದ್ದುದು ಮೇಲಕ್ಕೆ. ಹದಿನೆಂಟನೆಯ ಶತಮಾನದಲ್ಲಿ ಕುಂಚನ್ ನಂಬಿಯಾರರು ತುಳ್ಳಲ್ ಹಾಡುಗಳಲ್ಲಿ ಅಧಿಕಾರಿಗಳನ್ನೂ ಡಾಂಭಿಕರನ್ನೂ ಚುಚ್ಚಿದ್ದು ಇದೇ ದಾರಿಯಲ್ಲಿ. ಕನ್ನಡದಲ್ಲಿ ಆ ದಾರಿ ಹಿಡಿದವರು ಮಾಸ್ಟರ್ ಹಿರಣ್ಣಯ್ಯ. ‘ಲಂಚಾವತಾರ’ ನಾಟಕದ ಸಾವಿರಾರು ಪ್ರದರ್ಶನಗಳಲ್ಲಿ ಅವರು ಗುರಿಯಿಟ್ಟದ್ದು ಕುರ್ಚಿಯ ಮೇಲೆ ಕುಳಿತವರಿಗೆ. ಇನ್ನು ಬೀಚಿಯವರು ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟು ತಮ್ಮನ್ನೇ ನಗೆಗೆ ಒಡ್ಡಿಕೊಂಡರು. ತನ್ನನ್ನೇ ನಗುವ ಕಲೆ ಬ್ರಿಟಿಷರ ಗುತ್ತಿಗೆಯಲ್ಲ!

ಬೆಂಚಿನ ಮೇಲಿನ ರೋಸ್ಟ್

2014ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ‘ಎ.ಐ.ಬಿ. ನಾಕೌಟ್’ ಎಂಬ ಹೆಸರಿನಲ್ಲಿ ಅಮೆರಿಕದ ಮಾದರಿಯ ರೋಸ್ಟ್ ನಡೆದು, ಮುಂದಿನ ತಿಂಗಳು ಯೂಟ್ಯೂಬಿಗೆ ಬಂದಾಗ ಪೊಲೀಸ್ ದೂರಿನವರೆಗೆ ಹೋಯಿತು. ಭಾರತದ ಟಿ.ವಿ. ಹಿಡಿದದ್ದು ಬೇರೆ ಜಾಡು. 2013ರಲ್ಲಿ ಹಿಂದಿಯಲ್ಲಿ ಬಂದ ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ ಮಾದರಿಯಲ್ಲಿ ಮಲಯಾಳದ ‘ಬಡಾಯಿ ಬಂಗ್ಲಾವ್’, ಕನ್ನಡದ ‘ಮಜಾ ಟಾಕೀಸ್’ ಬಂದವು. ಮನೆಮಂದಿಯೆಲ್ಲ ಕುಳಿತು ನಕ್ಕದ್ದನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಜಾತಿಯ ಕಾರ್ಯಕ್ರಮಗಳಲ್ಲಿ ಎಷ್ಟೋ ಸಲ ಅತಿಥಿಯಾಗಿ ಬಂದ ತಾರೆಗೆ ಬೀಳುವುದು ಹೂವಿನ ಪೆಟ್ಟು. ನಿಜವಾದ ಪೆಟ್ಟು ಜೊತೆಯ ಕಲಾವಿದರ ದಪ್ಪ ಮೈಗೆ, ಕಪ್ಪು ಬಣ್ಣಕ್ಕೆ, ಹಳ್ಳಿಯ ಮಾತಿಗೆ. ಮೇಲಕ್ಕೆ ಹೋಗುತ್ತಿದ್ದ ಬಾಣ ಕೆಳಕ್ಕೆ ತಿರುಗಿದೆ.

ಅದನ್ನು ನೋಡಿದ ಮಕ್ಕಳು ಮರುದಿನ ಶಾಲೆಯಲ್ಲಿ ಅದನ್ನೇ ಆಡುತ್ತಾರೆ. ಅವರ ಗುರಿ ಯಾರು? ಗವರ್ನರನೂ ಅಲ್ಲ, ಸಿನಿಮಾ ತಾರೆಯೂ ಅಲ್ಲ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಕಾಟ್ಟುನಾಯ್ಕರ ಮಗು. ಮಲಯಾಳ ಮಾತಾಡುವಾಗ ಕನ್ನಡದ ಎಳೆ ಇಣುಕುವ ನಮ್ಮ ಮಗು. ಮಸಿ ಬಳಿದುಕೊಂಡು, ಮುರುಕು ಮಾತಾಡಿ ಆದಿವಾಸಿಗಳನ್ನು ನಗೆಪಾಟಲು ಮಾಡಿದ ದೃಶ್ಯಗಳು ಸಿನಿಮಾದಲ್ಲಿಯೂ ಮಿಮಿಕ್ರಿ ವೇದಿಕೆಯಲ್ಲಿಯೂ ಬಂದಿವೆ. 2003ರ ಫೆಬ್ರವರಿಯಲ್ಲಿ ತುಂಡು ಭೂಮಿ ಕೇಳಿ ಪೊಲೀಸರ ಗುಂಡಿಗೆ ಎದೆಯೊಡ್ಡಿದ ಜನ ಇದೇ ಮುತ್ತಂಗದ ಕಾಡಿನಲ್ಲಿದ್ದರು ಎಂಬುದನ್ನು ನೆನೆದರೆ ಆ ನಗೆ ಗಂಟಲಲ್ಲಿ ಇಳಿಯುವುದಿಲ್ಲ. ತರಗತಿಯ ರೋಸ್ಟಿನಲ್ಲಿ ಮಗುವಿನ ಒಪ್ಪಿಗೆ ಇಲ್ಲ, ಅದಕ್ಕೆ ಬಲವಿಲ್ಲ, ಕೊನೆಯ ಮಾತೂ ಅದರದಲ್ಲ. ಅದು ಮಾಡುವುದು ಒಂದೇ, ಬಾಯಿ ಮುಚ್ಚಿ ಕೂರುವುದು. ಬಾಯಿ ಮುಚ್ಚಿದ ಮಗು ಮೊದಲು ಕಳೆದುಕೊಳ್ಳುವುದು ತನ್ನ ಮನೆಮಾತನ್ನು. ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದು ಸಣ್ಣ ನಷ್ಟವಲ್ಲ.

ಹಾಗೆಂದು ನಗೆಯನ್ನೇ ನಿಷೇಧಿಸೋಣವೇ? ಬೇಡ. ಗಡಿಯಲ್ಲಿ ಒಟ್ಟಿಗೆ ನಗಲು ಬೇಕಾದಷ್ಟು ಉಂಟು. ಕನ್ನಡದವನು ಪಟ್ಟಿ ಕೊಡಿ ಎಂದರೆ ಮಲಯಾಳದವನು ನಾಯಿಯನ್ನು ಹುಡುಕುತ್ತಾನೆ. ಮಲಯಾಳದವನು ಅವಸರ ಬಂತು ಎಂದರೆ ಒಳ್ಳೆಯ ಅವಕಾಶ ಬಂತೆಂದು ಅರ್ಥ, ಕನ್ನಡದವನು ಚಪ್ಪಲಿ ಮೆಟ್ಟಿ ಓಡುತ್ತಾನೆ. ಅಲ್ಲಿ ಸಂಸಾರ ಎಂದರೆ ಮಾತುಕತೆ, ಇಲ್ಲಿ ಹೆಂಡತಿ ಮಕ್ಕಳು. ಈ ನಗೆಯಲ್ಲಿ ಎರಡು ಕಡೆಯವರೂ ಸ್ವಲ್ಪ ಸ್ವಲ್ಪ ಮೂರ್ಖರು. ಬೀಗರ ಹಾಡಿನಂತೆ ಸರದಿಯಲ್ಲಿ ನಡೆಯುವ ನಗೆ ಇದು.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ಮಕ್ಕಳ ಜೊತೆ ಕುಳಿತು ಹಾಸ್ಯ ನೋಡಿ, ನಗಿ. ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ. ನಗೆಗೆ ಗುರಿಯಾದವನು ಒಪ್ಪಿದ್ದನೇ? ಅವನು ನಗಿಸಿದವನಿಗಿಂತ ಬಲಶಾಲಿಯೇ, ಕಡೆಗೆ ಸಮನಾದರೂ ಹೌದೇ? ತಿರುಗಿ ಮಾತಾಡಲು ಅವನಿಗೆ ಸರದಿ ಸಿಕ್ಕಿತೇ? ಮೂರಕ್ಕೂ ಹೌದು ಎಂದಾದರೆ ಅದು ವ್ಯಾಜಸ್ತುತಿ, ಮನಸಾರೆ ನಗಬಹುದು. ಮೂರಕ್ಕೂ ಇಲ್ಲ ಎಂದಾದರೆ ಅದು ಬರೀ ನಿಂದೆ. ಅದಕ್ಕೆ ಯಾವ ಅಲಂಕಾರವೂ ಇಲ್ಲ.