ಚುಕ್ಕಿ ಹೆಚ್ಚಿದರೆ ಚಿತ್ರ ಚೆನ್ನ

ಮಕ್ಕಳೇ, ಅಂಗಳದಲ್ಲಿ ರಂಗೋಲಿ ಹಾಕುವುದನ್ನು ನೋಡಿದ್ದೀರಲ್ಲವೇ? ನಾಲ್ಕು ಚುಕ್ಕಿ ಇಟ್ಟರೆ ಒಂದು ಸರಳ ಹೂವು ಮೂಡುತ್ತದೆ. ಅಷ್ಟೇ ಜಾಗದಲ್ಲಿ ನೂರು ಚುಕ್ಕಿ ಇಟ್ಟರೆ ನವಿಲಿನ ಗರಿಯನ್ನೂ ಬಿಡಿಸಬಹುದು. ಟಿ.ವಿ.ಯ ಚಿತ್ರವೂ ಹೀಗೆಯೇ. ಅದು ಸಾವಿರಾರು ಬಣ್ಣದ ಚುಕ್ಕಿಗಳಿಂದ ಆಗಿರುತ್ತದೆ. ಈ ಚುಕ್ಕಿಗಳಿಗೆ ‘ಪಿಕ್ಸೆಲ್’ ಎಂದು ಹೆಸರು.

ಡಿವಿಡಿಯ ಚಿತ್ರದಲ್ಲಿ 576 ಸಾಲುಗಳು, ಸಾಲಿಗೆ 720 ಚುಕ್ಕಿಗಳು. ಗುಣಿಸಿದರೆ 4,14,720. ಪೂರ್ಣ ಎಚ್‌.ಡಿ. ಚಿತ್ರದಲ್ಲಿ 1080 ಸಾಲುಗಳು, ಸಾಲಿಗೆ 1920 ಚುಕ್ಕಿಗಳು. ಒಟ್ಟು 20,73,600. ಭಾಗಿಸಿ ನೋಡಿ, ಸರಿಯಾಗಿ ಐದು ಪಟ್ಟು! ಆದ್ದರಿಂದಲೇ ದೊಡ್ಡ ಪರದೆಯಲ್ಲೂ ಎಚ್‌.ಡಿ. ಚಿತ್ರ ಮಸುಕಾಗುವುದಿಲ್ಲ. ಜೇನುನೊಣದ ಕಾಲಿಗೆ ಅಂಟಿದ ಪರಾಗ, ಭೂಪಟದ ಸಣ್ಣ ಅಕ್ಷರ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ.

ಹಾಗಾದರೆ ಎಚ್‌.ಡಿ. ಟಿ.ವಿ. ತಂದರೆ ಸಾಕೇ? ಸಾಲದು. ಅಷ್ಟೊಂದು ಚುಕ್ಕಿಗಳ ಮಾಹಿತಿಯನ್ನು ಟಿ.ವಿ.ಗೆ ಯಾರಾದರೂ ಕೊಡಬೇಕು. ಡಿವಿಡಿ ಹಾಕಿದರೆ ಕೊರತೆ ಬೀಳುವ ಚುಕ್ಕಿಗಳನ್ನು ಟಿ.ವಿ. ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಅಂದಾಜಿನಿಂದ ತುಂಬುತ್ತದೆ. ಇಲ್ಲದ ವಿವರವನ್ನು ಅದು ತರಲಾರದು.

ತಟ್ಟೆಯೊಳಗಿನ ಗುಂಡಿಗಳು

ಡಿಸ್ಕಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳು ಸುರುಳಿಯಾಕಾರದ ಸಾಲಿನಲ್ಲಿರುತ್ತವೆ. ಡಿಸ್ಕ್ ತಿರುಗುವಾಗ ಅದರ ಮೇಲೆ ಲೇಸರ್ ಬೆಳಕು ಬೀಳುತ್ತದೆ. ಮರಳಿ ಬರುವ ಬೆಳಕಿನ ಏರಿಳಿತವನ್ನು ಪ್ಲೇಯರ್ 1 ಮತ್ತು 0 ಎಂಬ ಅಂಕಿಗಳಾಗಿ ಓದುತ್ತದೆ. ಈ ಅಂಕಿಗಳೇ ಚಿತ್ರವಾಗಿ, ಶಬ್ದವಾಗಿ ಬದಲಾಗುತ್ತವೆ.

ಮೊಂಡು ಪೆನ್ಸಿಲಿನಿಂದ ಸಣ್ಣ ಅಕ್ಷರ ಬರೆಯಲಾದೀತೇ? ಬೆಳಕಿಗೂ ಇದೇ ತೊಂದರೆ. ತರಂಗಾಂತರ ಉದ್ದವಾಗಿದ್ದರೆ ಬೆಳಕನ್ನು ತೀರ ಸಣ್ಣ ಬಿಂದುವಿಗೆ ಕೂಡಿಸಲಾಗದು. ಡಿವಿಡಿಯನ್ನು ಓದುವ ಕೆಂಪು ಲೇಸರಿನ ತರಂಗಾಂತರ 650 ನ್ಯಾನೋಮೀಟರ್. ಬ್ಲೂ-ರೇ ಡಿಸ್ಕನ್ನು ಓದುವ ನೀಲಿ-ನೇರಳೆ ಲೇಸರಿನದು 405 ನ್ಯಾನೋಮೀಟರ್ ಮಾತ್ರ. (10 ಲಕ್ಷ ನ್ಯಾನೋಮೀಟರ್ ಸೇರಿದರೆ ಒಂದು ಮಿಲಿಮೀಟರ್.) ಹೀಗಾಗಿ ಬ್ಲೂ-ರೇಯಲ್ಲಿ ಗುಂಡಿಗಳನ್ನು ಇನ್ನೂ ಚಿಕ್ಕದಾಗಿ, ಒತ್ತೊತ್ತಾಗಿ ಇಡಬಹುದು. ಅಗಲ ಅದೇ 12 ಸೆಂಟಿಮೀಟರ್. ಆದರೆ ಒಂದು ಪದರದ ಡಿವಿಡಿಯಲ್ಲಿ 4.7 ಗಿಗಾಬೈಟ್ ಹಿಡಿದರೆ, ಬ್ಲೂ-ರೇಯಲ್ಲಿ 25 ಗಿಗಾಬೈಟ್ ಹಿಡಿಯುತ್ತದೆ!

ಈ ಲೇಸರ್ ತಯಾರಾಗುವುದು ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನಿಂದ. ಅದೇ ವಸ್ತುವಿನಿಂದ ನೀಲಿ ಎಲ್‌ಇಡಿ ರೂಪಿಸಿದ ಅಕಾಸಾಕಿ, ಅಮಾನೋ ಮತ್ತು ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಈಗ ಬಹಳ ಮಂದಿ ಅಂತರಜಾಲದ ಮೂಲಕವೇ ಸಿನಿಮಾ ನೋಡುತ್ತಾರೆ. ಡಿಸ್ಕಿಗಾದರೋ ಅಂತರಜಾಲ ಬೇಕಿಲ್ಲ. ದಾರಿ ಯಾವುದಾದರೂ ನಿಯಮ ಒಂದೇ: ಬಂದಷ್ಟೇ ವಿವರ, ಕಂಡಷ್ಟೇ ಚಿತ್ರ.

ಮಾಡಿ ನೋಡಿ

ಕೆಟ್ಟುಹೋದ ಒಂದು ಸಿ.ಡಿ. ಮತ್ತು ಒಂದು ಡಿವಿಡಿ ತನ್ನಿ. ಕತ್ತಲೆ ಕೋಣೆಯಲ್ಲಿ ಎರಡರ ಮೇಲೂ ಟಾರ್ಚ್ ಬೆಳಕು ಬಿಟ್ಟು, ಗೋಡೆಯ ಮೇಲೆ ಬೀಳುವ ಬಣ್ಣಗಳನ್ನು ಗಮನಿಸಿ. ಡಿವಿಡಿಯ ಬಣ್ಣಗಳು ಹೆಚ್ಚು ದೂರ ಹರಡುತ್ತವೆ. ಏಕೆಂದರೆ ಅದರ ಸಾಲುಗಳು ಹೆಚ್ಚು ಹತ್ತಿರ ಹತ್ತಿರ ಇವೆ. ಕಣ್ಣಿಗೆ ಕಾಣದ ಸಾಲುಗಳ ಗುಟ್ಟನ್ನು ಬಣ್ಣವೇ ಹೇಳಿತಲ್ಲವೇ?

ಎಚ್ಚರಿಕೆ: ಈ ಪ್ರಯೋಗಕ್ಕೆ ಲೇಸರ್ ಅಥವಾ ಬಿಸಿಲು ಬಳಸಬೇಡಿ. ಪ್ಲೇಯರನ್ನು ಬಿಚ್ಚಬೇಡಿ. ಲೇಸರ್ ಕಣ್ಣಿಗೆ ಅಪಾಯ.